ಮಗು ಬಾಯಿಗೆ ಏನು ಕೊಟ್ರಿ? ನಿಪ್ಪಲ್ಲಿನ ಐನೂರು ವರ್ಷದ ಕಥೆ

ಭಾಗ 1

ಮೊದಲನೇ ಫೋಟೋ ದೊಡ್ಡದು ಮಾಡಿ ನೋಡಿ. ಜರ್ಮನಿಯ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ 1506ರಲ್ಲಿ ವೆನಿಸ್‌ನಲ್ಲಿದ್ದಾಗ ಬರೆದ ಚಿತ್ರ. ಈಗ ಬರ್ಲಿನ್ನಿನ ಮ್ಯೂಸಿಯಂನಲ್ಲಿದೆ. ಮೇರಿಯ ಮಡಿಲಲ್ಲಿ ಬಾಲ ಏಸು, ಅವನ ತೋಳ ಮೇಲೆ ಗುಬ್ಬಿಗಿಂತ ಚಿಕ್ಕದೊಂದು ಹಕ್ಕಿ. ಚಿತ್ರಕ್ಕೆ ಹೆಸರು ಬಂದಿರೋದೂ ಆ ಹಕ್ಕಿಯಿಂದಲೇ, ನೋಡೋರ ಕಣ್ಣು ಹೋಗೋದೂ ಅಲ್ಲಿಗೇ. ನೀವು ಮಾತ್ರ ಮಗುವಿನ ಇನ್ನೊಂದು ಕೈ ನೋಡಿ. ಬೆರಳ ನಡುವೆ ಬಿಳಿ ಬಟ್ಟೆಯ ಪುಟ್ಟ ಗಂಟು ಇದೆ ಅಲ್ವಾ?

ಅದು ಚೀಪೋ ಬಟ್ಟೆ. ಒಂದು ಚೂರು ನಾರುಬಟ್ಟೆಯೊಳಗೆ ಸಕ್ಕರೆನೋ, ಜೇನಲ್ಲಿ ಕಲಸಿದ ರೊಟ್ಟಿಪುಡಿನೋ ಇಟ್ಟು, ಗಂಟು ಹಾಕಿ, ಒದ್ದೆ ಮಾಡಿ ಮಗುವಿನ ಬಾಯಿಗೆ ಕೊಡ್ತಿದ್ರು. ಉತ್ತರ ಯುರೋಪಿನ ಮನೆಮನೆಯಲ್ಲೂ ಇದ್ದ ಸಾಮಾನು. ಕೆಲವು ಕಡೆ ಒಳಗೆ ಗಸಗಸೆ ಹಾಕ್ತಿದ್ರು, ಕೆಲವು ಕಡೆ ಬ್ರಾಂದಿಯಲ್ಲಿ ಅದ್ದುತ್ತಿದ್ರು. ರಷ್ಯಾದ ಹಳ್ಳಿಗಳಲ್ಲಿ ತಾಯಿನೋ ಅಜ್ಜಿನೋ ಕಪ್ಪು ರೊಟ್ಟಿಯನ್ನ ತಾನೇ ಅಗಿದು ಬಟ್ಟೆಗೆ ಕಟ್ಟಿ ಕೊಟ್ಟು ಹೊಲಕ್ಕೆ ಹೋಗ್ತಿದ್ದಳು. ವಾಪಸ್ ಬರೋದು ಸಂಜೆಗೆ.

ಡ್ಯೂರರ್ ದೇವರ ಮಗನ ಕೈಯಲ್ಲೂ ಅದನ್ನೇ ಇಟ್ಟಿದ್ದಾನೆ. ಅವನಿಗೆ ಅದರಲ್ಲಿ ನಾಚಿಕೆ ಪಡೋವಂಥದ್ದು ಏನೂ ಕಂಡಿಲ್ಲ. ಮಗು ಅಂದ್ಮೇಲೆ ಕೈಯಲ್ಲಿ ಚೀಪೋ ಬಟ್ಟೆ ಇರುತ್ತೆ, ಅಷ್ಟೇ.

ಅಲ್ಲಿಂದ ಇಲ್ಲಿಗೆ, ಅಂದ್ರೆ ನಮ್ಮಕ್ಕ ನಿಪ್ಪಲ್ಲನ್ನ ದಿಂಬಿನ ಕೆಳಗೆ ಬಚ್ಚಿಡೋವರೆಗೆ ಹೇಗೆ ಬಂದ್ವಿ ಅನ್ನೋದೇ ಈ ಸಲದ ಸರಣಿ.

ಭಾಗ 2

ಅಕ್ಕನ ವಿಷಯ ಮೊದಲು ಹೇಳಿಬಿಡ್ತೀನಿ (ಅವಳ ಒಪ್ಪಿಗೆ ತಗೊಂಡಿದೀನಿ, ಹೆಸರು ಹಾಕಬೇಡ ಅಂದಿದಾಳೆ).

ಮಗುವಿಗೆ ಆಗ ಐದು ವಾರ. ಬಾಣಂತನಕ್ಕೆ ಅಮ್ಮ ಬೆಂಗಳೂರಿಗೇ ಬಂದಿದ್ರು. ಒಂದು ಬೆಳಿಗ್ಗೆ ಹಾಸಿಗೆ ಕೊಡವೋಕೆ ಹೋದಾಗ ದಿಂಬಿನ ಕೆಳಗಿಂದ ನಿಪ್ಪಲ್ ಉರುಳಿ ಬಿತ್ತು. ಬಾಟಲಿಯದ್ದಲ್ಲ, ಸುಮ್ನೆ ಚೀಪೋಕೆ ಕೊಡೋದು. ಅಂಗಡಿಯವರು ಸೂದರ್ ಅಂತಾರೆ, ಪ್ಯಾಸಿಫೈಯರ್ ಅಂತಾರೆ, ನಮ್ಮನೇಲಿ ಎಲ್ಲದಕ್ಕೂ ನಿಪ್ಪಲ್ಲೇ.

"ಇದೇನೇ ಇದು? ಹಾಲಿದ್ದೂ ಮಗು ಬಾಯಿಗೆ ರಬ್ಬರು ತುರುಕ್ತೀಯಲ್ಲ!"

"ಹತ್ತು ನಿಮಿಷ ಸ್ನಾನ ಮಾಡಿ ಬರೋಣ ಅಂತ ಕಣಮ್ಮಾ."

"ನಾನು ನಿಮ್ಮಿಬ್ಬರನ್ನ ಸಾಕಲಿಲ್ವಾ? ಸ್ನಾನ ಮಾಡಲಿಲ್ವಾ?"

ಮರುವಾರ ಲಸಿಕೆಗೆ ಹೋದಾಗ ಅಲ್ಲಿನ ನರ್ಸ್ ಕೂಡ ಅದನ್ನ ಮಗುವಿನ ಬಾಯಿಂದ ಕಿತ್ತು ಕಸದ ಬುಟ್ಟಿಗೆ ಹಾಕಿ, ಓದಿದೋರೇ ಹೀಗೆ ಮಾಡಿದ್ರೆ ಹೇಗೆ ಅಂತ ಎಲ್ಲರ ಮುಂದೆ ಬೈದ್ರಂತೆ. ಅಕ್ಕ ಆಟೋದಲ್ಲಿ ಅಳ್ತಾ ಬಂದಳು. ಮನೇಲಿ ಯಾರಿಗೂ ಹೇಳಲಿಲ್ಲ. ನನಗೆ ಹೇಳಿದ್ದು ಎಷ್ಟೋ ತಿಂಗಳಾದ ಮೇಲೆ.

ನಂಗೆ ಆಗ ಅನಿಸಿದ್ದು ಒಂದೇ. ಇಷ್ಟು ಚಿಕ್ಕ ವಸ್ತುವಿನ ಮೇಲೆ ಇಷ್ಟು ಸಿಟ್ಟು ಎಲ್ಲಿಂದ ಬಂತು? ಹುಡುಕ್ತಾ ಹೋದೆ. ಹೋದಷ್ಟೂ ಒಂದು ಮಾತು ಗಟ್ಟಿಯಾಗ್ತಾ ಬಂತು: ಜಗಳ ಯಾವತ್ತೂ ರಬ್ಬರಿನದ್ದಾಗಿರಲಿಲ್ಲ, ಅಮ್ಮನದ್ದಾಗಿತ್ತು. ಅವಳು ಯಾಕೆ ಕೊಡ್ತಾಳೆ ಅಂತ ಅವಳನ್ನೇ ಕೂರಿಸಿ ಕೇಳಿದವರು ಬಹಳ ಕಡಿಮೆ.

ಭಾಗ 3

ಬಟ್ಟೆ ಗಂಟು ಬಡವರದ್ದಾದ್ರೆ ಶ್ರೀಮಂತರ ಮಕ್ಕಳಿಗೆ ಹವಳ. ಎರಡನೇ ಫೋಟೋ ಇಂಗ್ಲೆಂಡಿನದ್ದು: ಬೆಳ್ಳಿ ಹಿಡಿ, ಸುತ್ತ ಗೆಜ್ಜೆ, ಒಂದು ತುದಿಗೆ ಪೀಪಿ, ಇನ್ನೊಂದು ತುದಿಗೆ ಮಗು ಕಚ್ಚೋಕೆ ನುಣುಪಾದ ಹವಳದ ತುಂಡು. ನಮ್ಮ ಗಿಲಕಿಯ ಅಕ್ಕನ ಥರ ಇದೆ. ಹಲ್ಲು ಬರುವಾಗ ವಸಡು ತಂಪಾಗಲಿ ಅನ್ನೋದು ಒಂದು ಕಾರಣ, ದೃಷ್ಟಿ ತಾಗದಿರಲಿ ಅನ್ನೋದು ಇನ್ನೊಂದು. ಮಕ್ಕಳಿಗೆ ಹವಳ ಕಟ್ಟಿದ್ರೆ ರಕ್ಷೆ ಅನ್ನೋ ನಂಬಿಕೆಯನ್ನ ರೋಮಿನ ಪ್ಲಿನಿ ಒಂದನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ.

ನಮ್ಮ ಕಡೆ ಹವಳದ ಜೊತೆ ಬಜೆ. ಬಜೆಯ ತುಂಡುಗಳನ್ನ ಪೋಣಿಸಿ ಮಗುವಿನ ಕೈಗೆ ಕಟ್ಟೋದು ಇವತ್ತಿಗೂ ಇದೆ. ಮಗು ಕೈ ಬಾಯಿಗೆ ಹಾಕ್ಕೊಂಡಾಗ ಬಜೆ ನಾಲಿಗೆಗೆ ತಾಗುತ್ತೆ, ಮಾತು ಚೆನ್ನಾಗಿ ಬರುತ್ತೆ, ಹೊಟ್ಟೆನೋವು ಬರಲ್ಲ ಅಂತ ಹಿರಿಯರ ಮಾತು. ಚೀಪೋ ಸಾಮಾನೂ ಅದೇ, ತಾಯತವೂ ಅದೇ. ಬೆಳ್ಳಿ ಹಿಡಿಯ ಆ ಹವಳಕ್ಕೂ ಇದಕ್ಕೂ ನಂಗಂತೂ ಹೆಚ್ಚು ದೂರ ಕಾಣ್ಸಲ್ಲ.

ಇಷ್ಟನ್ನ ಅಮ್ಮನಿಗೆ ಫೋನಲ್ಲಿ ಹೇಳ್ತಾ ಇದ್ದಾಗ ಆಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ನಿಮ್ಮಜ್ಜಿ ನಿಂಗೂ ಪಂಚೆ ಚೂರಲ್ಲಿ ಕಲ್ಲುಸಕ್ಕರೆ ಕಟ್ಟಿ ಕೊಡ್ತಿದ್ರು ಕಣೆ, ನಾನು ಅಡಿಗೆ ಮಾಡೋವಾಗ" ಅಂದ್ರು. ಡ್ಯೂರರ್ ಬರೆದ ಗಂಟು! ಆದ್ರೆ ಅಮ್ಮನ ಲೆಕ್ಕದಲ್ಲಿ ಅದು ಬೇರೆ, ನಿಪ್ಪಲ್ ಬೇರೆ. ಅದು ಮನೆ ಬಟ್ಟೆ, ಅಜ್ಜಿ ಕೈಯಿಂದ ಬಂದದ್ದು. ಇದು ಅಂಗಡಿಯದ್ದು.

(ಮಧ್ಯದಲ್ಲಿ ಒಂದು ಮಾತು: ಇದು ಇತಿಹಾಸದ ಪೇಜು, ವೈದ್ಯರ ಸಲಹೆ ಅಲ್ಲ. ಆದ್ರೂ ಹೇಳಿಬಿಡ್ತೀನಿ, ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ನೆಕ್ಕಿಸಬೇಡಿ. ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಪುಟ್ಟ ಕರುಳಿಗೆ ಬಹಳ ಅಪಾಯ.)

ಭಾಗ 4

ಈಗ ರಬ್ಬರಿನ ಕಾಲ. 1840ರ ದಶಕದಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿ, ಬಿಸಿಲಿಗೆ ಕರಗದೆ ಚಳಿಗೆ ಬಿರಿಯದೆ ಇರೋ ಹಾಗೆ ಮಾಡಿದ. 1845ರಲ್ಲೇ ನ್ಯೂಯಾರ್ಕಿನ ಎಲೈಜಾ ಪ್ರ್ಯಾಟ್ ಹಾಲಿನ ಬಾಟಲಿಗೆ ರಬ್ಬರ್ ತೊಟ್ಟಿನ ಪೇಟೆಂಟ್ ತಗೊಂಡ. ಮೊದಮೊದಲು ಆ ರಬ್ಬರಿನ ವಾಸನೆ, ರುಚಿ ಎರಡೂ ಕೆಟ್ಟದ್ದು, ಮಕ್ಕಳು ಉಗಿತಿದ್ವಂತೆ.

1900ರಲ್ಲಿ ನ್ಯೂಯಾರ್ಕಿನವನೇ ಆದ ಕ್ರಿಶ್ಚಿಯನ್ ಮೈನೆಕೆ 'ಬೇಬಿ ಕಂಫರ್ಟರ್' ಅಂತ ಒಂದು ವಿನ್ಯಾಸಕ್ಕೆ ಪೇಟೆಂಟ್ ಪಡೆದ. ಅದರಲ್ಲಿ ಇದ್ದದ್ದು ರಬ್ಬರ್ ತೊಟ್ಟು, ಮಗು ನುಂಗದ ಹಾಗೆ ಮಧ್ಯದಲ್ಲೊಂದು ಬಿಲ್ಲೆ, ಹಿಂದೆ ಹಿಡಿಯೋಕೆ ಬಳೆ. ಮೂರನೇ ಫೋಟೋದಲ್ಲಿ ಅದರ ರೇಖಾಚಿತ್ರ ಇದೆ. ಇವತ್ತು ನಿಮ್ಮ ಬೀದಿಯ ಮೆಡಿಕಲ್ ಸ್ಟೋರಲ್ಲಿ ಸಿಗೋದಕ್ಕೂ ಅದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ.

ಹೆಸರುಗಳನ್ನ ಗಮನಿಸಿ. ಅಮೆರಿಕದವರು ಕೊನೆಗೆ ಇಟ್ಟ ಹೆಸರು ಪ್ಯಾಸಿಫೈಯರ್, ಅಂದ್ರೆ ಶಾಂತ ಮಾಡೋದು. ಇಂಗ್ಲೆಂಡಿನವರು ಕರೆದದ್ದು ಡಮ್ಮಿ, ಅಂದ್ರೆ ನಕಲಿ, ಸುಳ್ಳು ಮೊಲೆ. ಅಲ್ಲಿನ ಮುಂದಿನ ಕಥೆಯೆಲ್ಲ ಆ ಒಂದು ಪದದಲ್ಲೇ ಇದೆ.

ಭಾಗ 5

ಇಲ್ಲಿ ಸ್ವಲ್ಪ ನಿಧಾನ ಓದಿ.

1900ರ ಸುಮಾರಿನ ಇಂಗ್ಲೆಂಡ್. ಹುಟ್ಟಿದ ಸಾವಿರ ಮಕ್ಕಳಲ್ಲಿ ನೂರೈವತ್ತರಷ್ಟು ಒಂದು ವರ್ಷ ತುಂಬೋ ಮೊದಲೇ ಸಾಯ್ತಿದ್ವು. ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದಲ್ಲಿ ಬೋಯರ್ ಯುದ್ಧ. ಸೈನ್ಯಕ್ಕೆ ಸೇರೋಕೆ ಬಂದ ಹುಡುಗರಲ್ಲಿ ಎಷ್ಟೋ ಜನ ಕುಳ್ಳರು, ಹಲ್ಲು ಹುಳುಕಾದವರು, ಎದೆ ಸೊರಗಿದವರು. ಸಾಮ್ರಾಜ್ಯ ಕಾಯೋಕೆ ಆಳಿಲ್ವಲ್ಲ ಅಂತ ಸರ್ಕಾರಕ್ಕೆ ಗಾಬರಿ. 1904ರಲ್ಲಿ ಒಂದು ಸಮಿತಿ ವರದಿ ಕೊಟ್ಟಿತು, 1906ರಲ್ಲಿ ಶಿಶುಮರಣದ ಬಗ್ಗೆಯೇ ರಾಷ್ಟ್ರೀಯ ಸಮ್ಮೇಳನ ನಡೀತು. ಅದೇ ವರ್ಷ ಜಾರ್ಜ್ ನ್ಯೂಮನ್ ಅನ್ನೋ ವೈದ್ಯರು ಬರೆದ ಪುಸ್ತಕದಲ್ಲಿ ಶಿಶುಮರಣ ಮುಖ್ಯವಾಗಿ ತಾಯ್ತನದ ಪ್ರಶ್ನೆ ಅಂತ ತೀರ್ಮಾನ ಮಾಡಿದ್ರು. ಚರಂಡಿ, ಕೂಲಿ, ಒಂದೇ ಕೋಣೆಯ ಮನೆ ಇವೆಲ್ಲ ಇರಲಿಲ್ಲ ಅಂತಲ್ಲ. ಆದ್ರೆ ಅವನ್ನ ಸರಿ ಮಾಡೋಕೆ ದುಡ್ಡು ಬೇಕು. ಅಮ್ಮಂದಿರಿಗೆ ಬುದ್ಧಿ ಹೇಳೋಕೆ ಕರಪತ್ರ ಸಾಕು.

ಹಾಗೆ ಶುರುವಾದದ್ದು ಮನೆಮನೆಗೆ ಹೋಗೋ ಆರೋಗ್ಯ ಸಂದರ್ಶಕಿಯರ ಕಾಲ. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್‌ನಲ್ಲಿ 1907ರಲ್ಲಿ ತಾಯಂದಿರಿಗೇ ಅಂತ ಒಂದು ಶಾಲೆ ತೆರೆದ್ರು. ಇಂಥವರ ಬೈಗುಳದ ಪಟ್ಟಿಯಲ್ಲಿ ಡಮ್ಮಿಗೆ ಕಾಯಂ ಜಾಗ. ಕಾರಣ ಸುಳ್ಳಲ್ಲ. ಮಗುವಿನ ಅಂಗಿಗೆ ದಾರ ಕಟ್ಟಿ ನೇತು ಹಾಕಿದ ಡಮ್ಮಿ ನೆಲಕ್ಕೆ ಬೀಳುತ್ತೆ, ಅಮ್ಮ ಏಪ್ರನ್ನಿಗೆ ಒರೆಸಿ ಇಲ್ಲಾಂದ್ರೆ ತಾನೇ ಒಂದು ಸಲ ಚೀಪಿ ವಾಪಸ್ ಇಡ್ತಾಳೆ. ಬೀದಿ ತುಂಬ ಕುದುರೆ ಲದ್ದಿ, ಅದರ ಮೇಲೆ ನೊಣ, ಆ ನೊಣ ಡಮ್ಮಿ ಮೇಲೆ. 1911ರ ಬೇಸಿಗೆ ಅಲ್ಲಿನವರು ಕಂಡರಿಯದಷ್ಟು ಸುಡುಬೇಸಿಗೆ, ಭೇದಿಯಿಂದ ಸಾವಿರಾರು ಮಕ್ಕಳು ಹೋದ್ವು. ಡಾಕ್ಟರುಗಳ ಭಯಕ್ಕೆ ಆಧಾರ ಇತ್ತು. ಇನ್ನೊಂದು ವಸ್ತುವಿನಲ್ಲಂತೂ ಅವರು ಪೂರ್ತಿ ಸರಿ: ಉದ್ದನೆ ರಬ್ಬರ್ ಕೊಳವೆಯ ಹಾಲಿನ ಬಾಟಲಿ. ಮಗು ಮಲಗಿಕೊಂಡೇ ತಾನಾಗಿ ಹೀರಬಹುದು ಅಂತ ಅಮ್ಮಂದಿರಿಗೆ ಇಷ್ಟ, ಆದ್ರೆ ಆ ಕೊಳವೆ ಒಳಗೆ ತೊಳೆಯೋದು ಸಾಧ್ಯವೇ ಇಲ್ಲ. ಫ್ರಾನ್ಸ್ 1910ರಲ್ಲಿ ಅದನ್ನ ಕಾನೂನು ಮಾಡಿ ನಿಷೇಧಿಸಿತು.

ಆದ್ರೆ ಡಮ್ಮಿಯ ಮೇಲಿನ ಮಾತು ಕೊಳಕಿಗೆ ನಿಲ್ಲಲಿಲ್ಲ. ಡಮ್ಮಿ ಕೊಡೋಳು ಸೋಮಾರಿ, ಮಗುವಿಗೆ ಮೋಸ ಮಾಡೋಳು, ಕೀಳು ವರ್ಗದವಳು. ಬಾಯಿ ಆಕಾರ ಕೆಡುತ್ತೆ, ಬಾಯಲ್ಲಿ ಉಸಿರಾಡೋ ಚಾಳಿ ಬರುತ್ತೆ, ಮಂದಬುದ್ಧಿ ಆಗುತ್ತೆ, ಹೀಗೆ. ಅಮೆರಿಕದಲ್ಲೂ 1909ರ ಹೊತ್ತಿಗೆ ಪತ್ರಿಕೆಗಳ ಓದುಗರ ಪತ್ರಗಳಲ್ಲಿ ಇದನ್ನ ಬಡವರ ಕೆಟ್ಟ ಚಾಳಿ ಅಂತಲೇ ಬರೀತಿದ್ರು. ಬೆಳ್ಳಿ ಹಿಡಿಯ ಹವಳ ಕಚ್ಚೋ ಮಗುವಿನ ತಾಯಿಗೆ ಇಂಥ ಮಾತು ಯಾರು ಹೇಳ್ತಾರೆ?

1909ರಿಂದ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಫೇಬಿಯನ್ ಮಹಿಳಾ ಗುಂಪಿನವರು ಬೇರೆ ಥರ ಹೋದ್ರು. ವಾರಕ್ಕೆ ಒಂದು ಪೌಂಡಿನ ಆಸುಪಾಸು ಕೂಲಿ ಬರೋ ಮನೆಗಳಿಗೆ ಪ್ರತಿವಾರ ಹೋಗಿ, ಆ ಹೆಂಗಸರ ಖರ್ಚಿನ ಲೆಕ್ಕವನ್ನ ಅವರ ಕೈಯಲ್ಲೇ ಬರೆಸಿದ್ರು. ಮಾಡ್ ಪೆಂಬರ್ ರೀವ್ಸ್ 1913ರಲ್ಲಿ ಅದನ್ನ ಪುಸ್ತಕ ಮಾಡಿದ್ರು. ಓದಿದ್ರೆ ಅರ್ಥ ಆಗೋದು ಇಷ್ಟು: ಆ ತಾಯಂದಿರಿಗೆ ತಿಳುವಳಿಕೆ ಕಡಿಮೆ ಇರಲಿಲ್ಲ, ದುಡ್ಡು, ಜಾಗ, ಹೊತ್ತು ಕಡಿಮೆ ಇತ್ತು. ಮೂರು ಮಹಡಿ ಕೆಳಗಿಂದ ನೀರು ಹೊತ್ತು ತಂದು, ನಾಲ್ಕು ಮಕ್ಕಳ ಬಟ್ಟೆ ಒಗೆದು, ಪಕ್ಕದ ಗೋಡೆಯಾಚೆಯವರು ಬಡಿಯೋ ಮೊದಲು ಮಗು ಸುಮ್ಮನಾಗಬೇಕು ಅಂದ್ರೆ ಏನು ಮಾಡ್ತೀರಿ? ಪೆನ್ನಿ ಒಂದರ ಡಮ್ಮಿ ಅವಳಿಗೆ ಸಿಕ್ಕ ಒಬ್ಬಳೇ ಕೆಲಸದವಳು. (ಈ ಕೊನೆ ಮಾತು ನನ್ನದು, ಪುಸ್ತಕದ್ದಲ್ಲ.)

ಭಾಗ 6

ಡಮ್ಮಿಗಿಂತ ಮುಂಚೆ ಅವಳ ಕೈಲಿ ಇದ್ದದ್ದು ಏನು ಗೊತ್ತಾ? ನಾಲ್ಕನೇ ಫೋಟೋದ ಸೀಸೆ. ಗಾಡ್‌ಫ್ರೀಸ್ ಕಾರ್ಡಿಯಲ್. ಕಾಕಂಬಿ ಪಾಕ, ಮಸಾಲೆ, ಅಫೀಮು. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಗಿರಣಿ ಊರುಗಳಲ್ಲಿ ಮಗುವನ್ನ ಯಾರದೋ ಮನೇಲಿ ಬಿಟ್ಟು ಕೆಲಸಕ್ಕೆ ಹೋಗೋ ತಾಯಂದಿರು, ಇಲ್ಲಾಂದ್ರೆ ಆ ಮಕ್ಕಳನ್ನ ನೋಡ್ಕೊಳ್ಳೋ ಮುದುಕಿಯರು ಇದನ್ನ ಚಮಚದಲ್ಲಿ ಕುಡಿಸ್ತಿದ್ರು. ಅಂಥ ಔಷಧಿಗೆ ಜನ ಇಟ್ಟ ಇನ್ನೊಂದು ಹೆಸರು 'ಕ್ವಾಯೆಟ್‌ನೆಸ್', ಅಂದ್ರೆ ಸದ್ದಿಲ್ಲದಿರುವಿಕೆ. ಎಷ್ಟೋ ಮಕ್ಕಳು ಎಚ್ಚರ ಆಗಲೇ ಇಲ್ಲ. ಅಮೆರಿಕದಲ್ಲಿ ಇದೇ ಕೆಲಸ ಮಾಡಿದ್ದು ಮಿಸೆಸ್ ವಿನ್ಸ್‌ಲೋಸ್ ಸೂದಿಂಗ್ ಸಿರಪ್, ಅದರಲ್ಲಿ ಮಾರ್ಫಿನ್. 1906ರ ಕಾನೂನು ಬಂದು ಸೀಸೆ ಮೇಲೆ ಒಳಗಿರೋದನ್ನ ಬರೀಬೇಕು ಅಂದಾಗಲೇ ಎಷ್ಟೋ ತಾಯಂದಿರಿಗೆ ವಿಷಯ ಗೊತ್ತಾದದ್ದು.

ಅವೆಲ್ಲ ಅವರ ಊರಿನ ಕಥೆ ಅಂದ್ಕೋಬೇಡಿ. 1920ರ ದಶಕದ ಮುಂಬೈ. ಬಟ್ಟೆ ಗಿರಣಿಗಳಲ್ಲಿ ಸಾವಿರಾರು ಹೆಂಗಸರು. ಅವರ ಸ್ಥಿತಿ ತನಿಖೆ ಮಾಡೋಕೆ ಸರ್ಕಾರ ಡಾ. ಬಾರ್ನ್ಸ್ ಅನ್ನೋ ವೈದ್ಯೆಯನ್ನ ನೇಮಿಸಿತು. 1922ರ ಹೊತ್ತಿಗೆ ಆಕೆ ಕೊಟ್ಟ ವರದಿಯ ಪ್ರಕಾರ ಗಿರಣಿ ಕೆಲಸದ ಹೆಂಗಸರ ಮಕ್ಕಳಲ್ಲಿ ನೂರಕ್ಕೆ 98 ಮಕ್ಕಳಿಗೆ ಅಫೀಮು ಕೊಡ್ತಿದ್ರು. ಸಾಸಿವೆ ಕಾಳಿನಷ್ಟು ಗುಳಿಗೆ, ಮರಾಠಿಯಲ್ಲಿ ಬಾಳಗೋಳಿ. ಬೆಳಿಗ್ಗೆ ಒಂದು ನುಂಗಿಸಿದ್ರೆ ಅಮ್ಮ ಬರೋವರೆಗೂ ಮಗು ಜೋಲಿಯಲ್ಲಿ ಬಿದ್ದಿರುತ್ತೆ. ಹಸಿವೂ ಗೊತ್ತಾಗಲ್ಲ.

98! ನೂರಕ್ಕೆ 98 ತಾಯಂದಿರು ಕೆಟ್ಟವರಾಗಿರೋಕೆ ಸಾಧ್ಯನಾ? ಗಿರಣಿ ಪಾಳಿ ಅಷ್ಟು ಉದ್ದ, ಮಗುವನ್ನ ಇಟ್ಕೊಳ್ಳೋ ಜಾಗ ಇಲ್ಲ, ಹೆರಿಗೆ ರಜೆಗೆ ಕಾನೂನು ಇನ್ನೂ ಬಂದಿಲ್ಲ. ಮುಂಬೈ ಪ್ರಾಂತ್ಯದ ಹೆರಿಗೆ ಭತ್ಯೆ ಕಾಯ್ದೆ ಬಂದದ್ದು 1929ರಲ್ಲಿ, ದೇಶದಲ್ಲೇ ಮೊದಲನೆಯದು. ಇನ್ನು ಅಫೀಮು ಮಾರೋಕೆ ಲೈಸೆನ್ಸ್ ಕೊಟ್ಟು, ಅದರಿಂದ ಬರೋ ತೆರಿಗೆ ಎಣಿಸ್ತಿದ್ದದ್ದು ಯಾರು? ಇದೇ ಸರ್ಕಾರ.

ಗ್ರೈಪ್ ವಾಟರ್ ನೆನಪಾಯ್ತಾ? ನಮ್ಮಲ್ಲಿ ಅಜ್ಜಿಯಿಂದ ಮೊಮ್ಮಗಳಿಗೆ ಬಳುವಳಿ ಬಂದಂತಿರೋ ಆ ಸೀಸೆ ಹುಟ್ಟಿದ್ದು 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ. ಮೂಲ ಪಾಕದಲ್ಲಿ ಸಬ್ಬಸಿಗೆ ಎಣ್ಣೆ, ಸೋಡದ ಜೊತೆ ಆಲ್ಕೋಹಾಲೂ ಇತ್ತು. ಅದರ ಕಥೆ ಇನ್ನೊಂದು ಸರಣಿಗೆ.

ಭಾಗ 7

ಮುಂದಿನ ನಲವತ್ತು ವರ್ಷ ಬೇಗ ದಾಟೋಣ, ಯಾಕಂದ್ರೆ ಎಲ್ಲಾ ಒಂದೇ ರಾಗ. ಅಮೆರಿಕದ ಎಮೆಟ್ ಹೋಲ್ಟ್ 1894ರಲ್ಲಿ ತಂದ ಪುಸ್ತಕದ ಪ್ರಕಾರ ಅಳೋದು ಮಗುವಿಗೆ ವ್ಯಾಯಾಮ. ಬೆರಳು ಚೀಪೋ ಮಗುವಿಗೆ ಮೊಣಕೈ ಮಡಚದ ಹಾಗೆ ರಟ್ಟು ಕಟ್ಟಿಸಿದ ಕಾಲ ಅದು. ವಿಯೆನ್ನಾದ ಫ್ರಾಯ್ಡ್ 1905ರಲ್ಲಿ ಚೀಪೋದಕ್ಕೂ ಕಾಮಕ್ಕೂ ನಂಟು ಹಾಕಿದ ಮೇಲೆ ಮರ್ಯಾದಸ್ಥರ ಮುಖ ಇನ್ನಷ್ಟು ಕಿವುಚಿತು. ನ್ಯೂಜಿಲೆಂಡಿನ ಟ್ರೂಬಿ ಕಿಂಗ್ 1907ರಲ್ಲಿ ಶುರು ಮಾಡಿದ ಸಂಸ್ಥೆ ಹೇಳಿಕೊಟ್ಟದ್ದು ನಾಲ್ಕು ಗಂಟೆಗೊಂದು ಸಲ ಹಾಲು, ರಾತ್ರಿ ಹಾಲಿಲ್ಲ, ಡಮ್ಮಿ ಅಂತೂ ಇಲ್ಲವೇ ಇಲ್ಲ. ಆತ ಮೊದಲು ಹುಚ್ಚಾಸ್ಪತ್ರೆಯ ಮುಖ್ಯಸ್ಥನಾಗಿದ್ದವನು. ಅಲ್ಲಿನ ಗಡಿಯಾರ ತೊಟ್ಟಿಲಿಗೂ ಬಂತು ಅಂತ ನಂಗನಿಸುತ್ತೆ.

ಯುದ್ಧ ಮುಗಿದ ಮೇಲೆ ಗಾಳಿ ತಿರುಗಿತು. 1949ರಲ್ಲಿ ಜರ್ಮನಿಯ ಇಬ್ಬರು ದಂತವೈದ್ಯರು, ಆಡಾಲ್ಫ್ ಮ್ಯೂಲರ್ ಮತ್ತು ವಿಲ್ಹೆಲ್ಮ್ ಬಾಲ್ಟರ್ಸ್, ಹಾಲು ಕುಡಿಯುವಾಗ ತಾಯಿಯ ತೊಟ್ಟು ಮಗುವಿನ ಬಾಯೊಳಗೆ ಪಡೆಯೋ ಆಕಾರವನ್ನ ಅನುಕರಿಸಿ ಒಂದು ಕಡೆ ಚಪ್ಪಟೆ ಇರೋ ನಿಪ್ಪಲ್ ಮಾಡಿದ್ರು. ಹಲ್ಲು ಕೆಡಿಸುತ್ತೆ ಅಂತ ಬೈಸಿಕೊಂಡ ವಸ್ತುವನ್ನ ಹಲ್ಲಿನ ಡಾಕ್ಟರುಗಳೇ ತಿದ್ದಿ ಮಾರುಕಟ್ಟೆಗೆ ಬಿಟ್ಟರು! ಬೈಗುಳ ನಿಲ್ಲಲಿಲ್ಲ, ಕಾರಣ ಮಾತ್ರ ಬದಲಾಯ್ತು.

ಹೊಸ ಕಾರಣ ಎದೆಹಾಲು. ಡಬ್ಬಿ ಹಾಲಿನ ಕಂಪನಿಗಳು ಬಡ ದೇಶಗಳಲ್ಲಿ ಮಾಡಿದ ಅನಾಹುತ ಕಂಡ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಆಸ್ಪತ್ರೆಗಳಿಗೆ ಹತ್ತು ಸೂತ್ರ ಕೊಟ್ಟವು, 1991ರಲ್ಲಿ ಅದಕ್ಕೆ ಶಿಶುಸ್ನೇಹಿ ಆಸ್ಪತ್ರೆ ಅನ್ನೋ ಜಾಗತಿಕ ಚಳವಳಿಯ ರೂಪ ಬಂತು. ಒಂಬತ್ತನೇ ಸೂತ್ರ: ಎದೆಹಾಲು ಕುಡಿಯೋ ಮಗುವಿಗೆ ಕೃತಕ ತೊಟ್ಟು, ನಿಪ್ಪಲ್ ಕೊಡಬೇಡಿ. ಉದ್ದೇಶ ಒಳ್ಳೇದು. ಅಕ್ಕನ ನಿಪ್ಪಲ್ ಕಸದ ಬುಟ್ಟಿಗೆ ಹೋದದ್ದರ ಹಿಂದೆ ಬಹುಶಃ ಈ ಒಂಬತ್ತನೇ ಸೂತ್ರವೇ ಇತ್ತು.

ಭಾಗ 8

ಈಗ ನಂಗೆ ತುಂಬ ಇಷ್ಟವಾದ ಭಾಗ.

ಬ್ರೆಜಿಲ್‌ನ ದಕ್ಷಿಣ ತುದಿಯಲ್ಲಿ ಪೆಲೋಟಾಸ್ ಅಂತ ಒಂದು ಊರು. ಅಲ್ಲಿ ಸೆಸರ್ ವಿಕ್ಟೋರಾ ಮತ್ತು ಸಂಗಡಿಗರು 1990ರ ದಶಕದ ಮೊದಲಲ್ಲೇ ಒಂದು ವಿಷಯ ಕಂಡಿದ್ರು: ನಿಪ್ಪಲ್ ಚೀಪೋ ಮಕ್ಕಳು ಎದೆಹಾಲು ಬೇಗ ಬಿಡ್ತಾರೆ. ಲೆಕ್ಕ ಸ್ಪಷ್ಟ. ಆದ್ರೆ ಯಾವುದರಿಂದ ಯಾವುದು? ನಿಪ್ಪಲ್ ಚೀಪಿದ್ದಕ್ಕೆ ಹಾಲು ಬಿಟ್ವೋ, ಹಾಲು ಕುಡಿಯೋದು ಮೊದಲೇ ತೊಡಕಾಗಿದ್ದಕ್ಕೆ ನಿಪ್ಪಲ್ ಬಂತೋ?

ಹಾಗಾಗಿ ಅವರು ಮಾಡಿದ್ದೇನು ಅಂದ್ರೆ, ನೂರಾರು ತಾಯಂದಿರ ಅಂಕಿಅಂಶದ ಜೊತೆಗೆ, 80 ತಾಯಂದಿರ ಮನೆಗೆ ಹೋಗಿ ಕೂತು ನೋಡಿದ್ರು, ಕೇಳಿದ್ರು. 1997ರಲ್ಲಿ ಫಲಿತಾಂಶ ಪ್ರಕಟ ಆಯ್ತು.

ಅಲ್ಲಿನ ತಾಯಂದಿರಿಗೆ ನಿಪ್ಪಲ್ ಅಂದ್ರೆ ಒಳ್ಳೇ ವಸ್ತು. ನಮ್ಮಲ್ಲಿ ತೊಟ್ಟಿಲು, ಗಿಲಕಿ ಇದ್ದ ಹಾಗೆ, ಬಹುಪಾಲು ಮನೆಗಳಲ್ಲಿ ಇರೋದೇ. ಮಗು ಉಗಿದ್ರೆ ಮತ್ತೆ ಇಟ್ಟು, ಒತ್ತಿ ಹಿಡಿದು ಅಭ್ಯಾಸ ಮಾಡಿಸ್ತಿದ್ರು. ಇದರಿಂದ ಎದೆಹಾಲು ಕಡಿಮೆಯಾಗುತ್ತೆ ಅಂತ ಬಾಯಿಬಿಟ್ಟು ಒಪ್ಪಿದವರು ಕಡಿಮೆ. ಆದ್ರೆ ಮನೇಲಿ ಕೂತು ನೋಡಿದವರಿಗೆ ಕಂಡದ್ದು, ಸಾಕಷ್ಟು ಜನ ಅದನ್ನ ಬಳಸ್ತಿದ್ದದ್ದೇ ಎರಡು ಹಾಲಿನ ನಡುವಿನ ಅಂತರ ಹೆಚ್ಚಿಸೋಕೆ, ಇಲ್ಲವೇ ಎದೆ ಬಿಡಿಸೋಕೆ. ಆ ತಾಯಂದಿರ ಮನಸ್ಸಲ್ಲಿ ಏನೇನೋ ಅಳುಕು. ಮಗುವಿನ ತೂಕ ಸಾಲದೇನೋ, ಪಕ್ಕದ ಮನೆ ಮಗು ಇನ್ನೂ ದುಂಡಗಿದೆಯಲ್ಲ, ನನ್ನ ಹಾಲು ಸರಿ ಇಲ್ವೇನೋ. ಇನ್ನು ಧೈರ್ಯವಾಗಿದ್ದ ತಾಯಂದಿರ ಮಕ್ಕಳು? ಅವರು ನಿಪ್ಪಲ್ಲೂ ಚೀಪಿದ್ರು, ಹಾಲೂ ಕುಡಿದ್ರು. ಅವರ ಮೇಲೆ ನಿಪ್ಪಲ್ಲಿನ ಪರಿಣಾಮ ಬಹಳ ಕಡಿಮೆ.

ಕೆನಡಾದ ಮಾಂಟ್ರಿಯಲ್‌ನಲ್ಲಿ 281 ತಾಯಂದಿರ ಮೇಲೆ ನಡೆದ ಪ್ರಯೋಗ 2001ರಲ್ಲಿ ಇದನ್ನೇ ಬೇರೆ ದಾರಿಯಲ್ಲಿ ಹೇಳಿತು. ಅರ್ಧದಷ್ಟು ತಾಯಂದಿರಿಗೆ ನಿಪ್ಪಲ್ ಕೊಡಬೇಡಿ ಅಂತ ಬುದ್ಧಿ ಹೇಳಿದ್ರು, ಅವರಲ್ಲಿ ಬಳಕೆ ಕಡಿಮೆಯಾಯ್ತು. ಆದ್ರೆ ಮೂರು ತಿಂಗಳ ಹೊತ್ತಿಗೆ ಎದೆಹಾಲು ಬಿಟ್ಟವರ ಲೆಕ್ಕದಲ್ಲಿ ಎರಡು ಗುಂಪಿನ ನಡುವೆ ವ್ಯತ್ಯಾಸ ಕಾಣಲಿಲ್ಲ. ನಿಪ್ಪಲ್ಲನ್ನ ಕಾರಣ ಅನ್ನೋದಕ್ಕಿಂತ ಗುರುತು ಅನ್ನೋದು ಸರಿ, ತಾಯಿಗೆ ಹಾಲೂಡಿಸೋದು ಕಷ್ಟ ಆಗ್ತಾ ಇದೆ ಅನ್ನೋದರ ಗುರುತು, ಅಂತ ಸಂಶೋಧಕರ ಮಾತು.

ಗುರುತನ್ನ ಕಿತ್ತು ಕಸದ ಬುಟ್ಟಿಗೆ ಹಾಕಿದ್ರೆ ಕಷ್ಟ ಹೋಗುತ್ತಾ?

ಭಾಗ 9

ಇಲ್ಲಿವರೆಗೆ ಬರೆದದ್ದನ್ನ ಅಕ್ಕನಿಗೆ ಕಳಿಸಿದ್ದೆ. ಪೆಲೋಟಾಸ್ ಭಾಗ ಓದಿ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದಳು.

"ಸ್ನಾನಕ್ಕೆ ಅಂತ ನಾನು ಹೇಳಿದ್ದು ಸುಳ್ಳು ಕಣೆ."

ಅವಳಿಗೆ ಎದೆತೊಟ್ಟು ಬಿರುಕು ಬಿಟ್ಟಿತ್ತಂತೆ. ಮಗು ಬಾಯಿ ಹಾಕಿದ ಕೂಡಲೇ ಪ್ರಾಣ ಹೋಗೋ ಅಷ್ಟು ನೋವು, ಕೆಲವು ಸಲ ರಕ್ತ. ಇನ್ನೊಂದು ಅರ್ಧ ಗಂಟೆ ತಳ್ಳೋಣ, ಇನ್ನು ಹತ್ತು ನಿಮಿಷ ತಳ್ಳೋಣ ಅಂತ ನಿಪ್ಪಲ್ ಇಡ್ತಿದ್ದಳು. ಅಮ್ಮನಿಗೆ ಹೇಳಿದ್ರೆ ನಮಗೆಲ್ಲ ಆಗಿರಲಿಲ್ವಾ ಅಂತಾರೆ ಅನ್ನೋ ಭಯ. ಡಾಕ್ಟರ ಹತ್ರ ಹೇಳೋಕೆ ನಾಚಿಕೆ, ಪಕ್ಕದಲ್ಲಿ ಭಾವ ಇದ್ರು. ಆ ನರ್ಸ್ ನಿಪ್ಪಲ್ ಕಿತ್ತಾಗ ಯಾಕಮ್ಮ ಕೊಡ್ತಿದೀಯಾ ಅಂತ ಒಂದು ಮಾತು ಕೇಳಿದ್ರೆ ಅಲ್ಲೇ ಹೇಳಿಬಿಡ್ತಿದ್ದೆ ಅಂದಳು.

ಕೊನೆಗೆ ಕೇಳಿದ್ದು ಕೆಳಗಿನ ಮನೆಯ ಆಂಟಿ. ಮೂರು ಮಕ್ಕಳ ತಾಯಿ. ಮಗು ಅಳೋ ಸದ್ದು ಕೇಳಿ ಮೇಲೆ ಬಂದವರು, ಅಕ್ಕ ಹಾಲು ಕೊಡುವಾಗ ಹಲ್ಲು ಕಚ್ಚಿ ಕೂತಿದ್ದನ್ನ ನೋಡಿ, "ಹಿಂಗ್ಯಾಕ್ ಕೂತಿದ್ದೀಯವ್ವಾ, ಕೂಸು ತುದಿಯಷ್ಟೇ ಹಿಡಿದದ ನೋಡು" ಅಂತ ಮಗುವನ್ನ ತಿರುಗಿಸಿ, ಬಾಯಿ ಅಗಲ ತೆಗೆಸಿ ಇಟ್ಟರಂತೆ. ಒಂದೇ ದಿನಕ್ಕೆ ಸರಿಹೋಗಲಿಲ್ಲ, ಎರಡು ವಾರ ಬೇಕಾಯ್ತು. ಗಾಯ ಮಾಗಿದ ಮೇಲೆ ಎರಡನೇ ನಿಪ್ಪಲ್ ಕೊಂಡಿದ್ದಳು, ರಾತ್ರಿ ಮಲಗಿಸೋಕೆ. ಅಮ್ಮ ನೋಡಿಯೂ ನೋಡದ ಹಾಗೆ ಇದ್ರಂತೆ. ಹಾಲು ಒಂದೂವರೆ ವರ್ಷ ಕೊಟ್ಟಳು.

ಭಾಗ 10, ಇದು ಕೊನೆ

ಇಷ್ಟರಲ್ಲಿ ಡಾಕ್ಟರುಗಳ ಮಾತೂ ಬದಲಾಗಿದೆ. 2005ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ನಿದ್ದೆ ಹೊತ್ತಿಗೆ ನಿಪ್ಪಲ್ ಕೊಡೋದನ್ನ ಯೋಚಿಸಿ ಅಂತ ತಾನಾಗೇ ಹೇಳಿತು. ತೊಟ್ಟಿಲಲ್ಲಿ ಮಲಗಿದ್ದ ಮಗು ಕಾರಣವಿಲ್ಲದೆ ಹಠಾತ್ತಾಗಿ ಸಾಯೋ ಸಂಗತಿ ನಿಪ್ಪಲ್ ಚೀಪೋ ಮಕ್ಕಳಲ್ಲಿ ಕಡಿಮೆ ಕಂಡಿತ್ತು. ಎದೆಹಾಲು ಕುಡಿಯೋ ಮಗುವಾದ್ರೆ ಹಾಲು ಚೆನ್ನಾಗಿ ಹಿಡಿಯೋವರೆಗೆ ಕಾಯಿರಿ, ಸಿಹಿ ಸವರಬೇಡಿ ಅನ್ನೋದು ಜೊತೆಗೆ.

ಸ್ವೀಡನ್ನಿನ ಗೋಥೆನ್‌ಬರ್ಗ್‌ನಿಂದ 2013ರಲ್ಲಿ ಬಂದ ಅಧ್ಯಯನ ಓದಿ ನಂಗೆ ನಗು ಬಂತು. 184 ಮಕ್ಕಳನ್ನ ನೋಡಿದ್ರು. ಕೆಳಗೆ ಬಿದ್ದ ನಿಪ್ಪಲ್ಲನ್ನ ಅಪ್ಪ ಅಮ್ಮ ತಾವೇ ಚೀಪಿ ವಾಪಸ್ ಇಟ್ಟ ಮಕ್ಕಳಲ್ಲಿ ಒಂದೂವರೆ ವರ್ಷದ ಹೊತ್ತಿಗೆ ಅಲರ್ಜಿಯ ಚರ್ಮರೋಗ, ಉಬ್ಬಸ ಕಡಿಮೆ ಇತ್ತು. ಲ್ಯಾಂಬೆತ್‌ನ ಅಮ್ಮಂದಿರು ಬೈಸಿಕೊಂಡದ್ದು ಇದಕ್ಕೇ ಅಲ್ವಾ! (ಚಿಕ್ಕ ಅಧ್ಯಯನ, ಇದನ್ನ ನೋಡಿ ನೀವು ಶುರು ಮಾಡ್ಕೋಬೇಡಿ. ಹಲ್ಲು ಹುಳುಕಿನ ಬ್ಯಾಕ್ಟೀರಿಯಾನೂ ಅದೇ ದಾರಿಯಲ್ಲಿ ಹೋಗುತ್ತೆ.)

ಆ ಒಂಬತ್ತನೇ ಸೂತ್ರವೂ 2018ರಲ್ಲಿ ತಿದ್ದುಪಡಿ ಆಯ್ತು. ಕೊಡಬೇಡಿ ಅನ್ನೋದು ಹೋಗಿ, ಬಾಟಲಿ, ನಿಪ್ಪಲ್‌ಗಳ ಬಳಕೆ ಮತ್ತು ಅಪಾಯದ ಬಗ್ಗೆ ತಾಯಂದಿರ ಜೊತೆ ಮಾತಾಡಿ ಅನ್ನೋದು ಬಂತು. 'ಕೊಡಬೇಡಿ'ಯಿಂದ 'ಮಾತಾಡಿ'ಗೆ ಬರೋಕೆ ಇಪ್ಪತ್ತೇಳು ವರ್ಷ.

ಕೊನೇ ಫೋಟೋ ನಮ್ಮನೆಯದು. ಎಡಗಡೆ ಇರೋದು ಅಜ್ಜಿಯ ಬೆಳ್ಳಿ ಒಳಲೆ, ನಾನೂ ಅಕ್ಕನೂ ಹಾಲು ಕುಡಿದದ್ದು. ಎದೆ ಚೀಪಲಾಗದ ಎಳೆಗೂಸುಗಳಿಗೆ ಈಗಲೂ ನಮ್ಮ ಆಸ್ಪತ್ರೆಗಳಲ್ಲಿ ಬಾಟಲಿ ಬದಲು ಇಂಥದ್ದರಲ್ಲೇ ಹಾಲು ಕುಡಿಸ್ತಾರೆ. ಬಲಗಡೆ ಇರೋದು ಅಕ್ಕನ ಎರಡನೇ ನಿಪ್ಪಲ್, ಹಸಿರು ಬಣ್ಣದ್ದು. ಹೋದ ತಿಂಗಳು ಮನೆ ಬದಲಾಯಿಸುವಾಗ ಬೀರುವಿನ ಹಿಂದೆ ಧೂಳಲ್ಲಿ ಸಿಕ್ಕಿತು. ಎರಡನ್ನೂ ತೊಳೆದು ಒಂದೇ ತಟ್ಟೆಯಲ್ಲಿಟ್ಟು ಫೋಟೋ ತೆಗೆಯೋಕೆ ಹೇಳಿದ್ದು ಅಮ್ಮ.

ನಿಮ್ಮನೇಲಿ ಮಗು ಬಾಯಿಗೆ ಏನು ಕೊಡ್ತಿದ್ರು? ಬಜೆನಾ, ಬಟ್ಟೆ ಗಂಟಾ, ಬೆಲ್ಲದ ಚೂರಾ? ನಿಮ್ಮಮ್ಮನನ್ನ ಕೇಳಿ, ಅವರು ಹೇಳಿದ ಹಾಗೇ ಕಮೆಂಟಲ್ಲಿ ಬರೀರಿ. ನಮ್ಮಮ್ಮ ಓದೋಕೆ ಕಾಯ್ತಿದಾರೆ.